ನೀರು ಎಲ್ಲಿಂದ ಬರ್ತಿತ್ತು?

ದಿಲ್ಲಿಯಲ್ಲಿ ಮನೆ ಮಾಡಿದ ಕನ್ನಡಿಗನಿಗೆ ಎರಡು ಉದ್ಯೋಗ. ಒಂದು ಸಂಬಳ ಕೊಡುವ ಉದ್ಯೋಗ. ನನ್ನ ಮಟ್ಟಿಗೆ ಅದು ಬ್ಯಾಂಕು. ಇನ್ನೊಂದು ಊರಿನಿಂದ ಬಂದವರಿಗೆ ದಿಲ್ಲಿ ತೋರಿಸುವ ಉದ್ಯೋಗ. ಮೊದಲನೆಯದರಿಂದ 2019ರಲ್ಲಿ ನಿವೃತ್ತನಾದೆ. ಎರಡನೆಯದಕ್ಕೆ ನಿವೃತ್ತಿಯ ವಯಸ್ಸನ್ನು ಇನ್ನೂ ಯಾರೂ ಗೊತ್ತುಮಾಡಿಲ್ಲ. 1986ರಲ್ಲಿ ವರ್ಗವಾಗಿ ಇಲ್ಲಿಗೆ ಬಂದಾಗಿನಿಂದ ಚಿಕ್ಕಪ್ಪ, ದೊಡ್ಡಮ್ಮ, ಷಡ್ಡಕ, ಷಡ್ಡಕನ ಸಹೋದ್ಯೋಗಿ, ಹೈಸ್ಕೂಲಿನ ಮೇಷ್ಟ್ರು ಹೀಗೆ ಬಂದವರಿಗೆಲ್ಲ ನಾನೇ ಗೈಡು. ಕೆಂಪುಕೋಟೆಗೆ ಹೋದದ್ದು ಲೆಕ್ಕ ಹಾಕಿದರೆ ನೂರು ಸಲಕ್ಕೆ ಕಡಿಮೆಯಾಗಲಿಕ್ಕಿಲ್ಲ.

ಈ ನೂರು ಸಲದಲ್ಲಿ ಒಂದು ವಿಷಯ ಗಮನಿಸಿದ್ದೇನೆ. ನಮ್ಮ ಜನ ಅರಮನೆ ನೋಡುತ್ತಾರೆ, ಅರಮನೆಯ ತೋಟ ನೋಡುವುದಿಲ್ಲ. ದಿವಾನ್-ಇ-ಖಾಸ್‌ನಲ್ಲಿ ಹತ್ತು ನಿಮಿಷ ನಿಂತು, ಇಲ್ಲೇ ಮಯೂರ ಸಿಂಹಾಸನ ಇದ್ದದ್ದಂತೆ ಎಂದು ಬಾಯಿ ತೆರೆದು ನೋಡುತ್ತಾರೆ. ಅಲ್ಲಿಂದ ನಾಲ್ಕು ಹೆಜ್ಜೆ ಉತ್ತರಕ್ಕೆ ಹೋದರೆ ಹಯಾತ್ ಬಕ್ಷ್ ಬಾಗ್. ಅಲ್ಲಿಗೆ ಬರುವಷ್ಟರಲ್ಲಿ ಕಾಲು ಸೋತಿರುತ್ತದೆ. ಹುಲ್ಲಿನ ಮೇಲೆ ಕೂತು ಚಕ್ಕುಲಿ ಡಬ್ಬಿ ಬಿಚ್ಚುತ್ತಾರೆ. 'ಚೆನ್ನಾಗಿಟ್ಟಿದಾರೆ ಕಣ್ರೀ, ಎಷ್ಟು ಹಸಿರು!' ಅಂತ ಒಂದು ಸರ್ಟಿಫಿಕೇಟು. ಅಲ್ಲಿಗೆ ಮುಗಿಯಿತು.

ಸಿನಿಮಾಕ್ಕೆ ವಿಮರ್ಶೆ ಇದೆ, ಕಾದಂಬರಿಗೆ ಇದೆ, ಸಂಗೀತ ಕಚೇರಿಗೆ ಇದೆ. ತೋಟಕ್ಕೆ ವಿಮರ್ಶೆ ಬರೆದವರನ್ನು ನಾನು ಕಂಡಿಲ್ಲ. ಬರೆಯಲು ನನಗೇನು ಅರ್ಹತೆ ಅಂತ ನೀವು ಕೇಳಬಹುದು. ಓದಿದ್ದು ಎಂ.ಕಾಂ., ಮಾಡಿದ್ದು ಸಾಲ ಮಂಜೂರಾತಿ ಮತ್ತು ವಸೂಲಿ. ಅರ್ಹತೆ ಒಂದೇ. ನಾನು ಸಾಗರದ ಕಡೆಯ ಅಡಿಕೆ ತೋಟದ ಮನೆಯವನು, ಮತ್ತು ನಾನು ಕೇಳಿದ ಅತ್ಯುತ್ತಮ ತೋಟದ ವಿಮರ್ಶೆ ನಮ್ಮ ಅಪ್ಪಯ್ಯನದು. ಅದು ಎರಡು ಪ್ರಶ್ನೆಗಳ ವಿಮರ್ಶೆ. ಅರ್ಥವಾಗಲು ನನಗೆ ಇಪ್ಪತ್ತೈದು ವರ್ಷ ಬೇಕಾಯಿತು.

1991ರ ಫೆಬ್ರವರಿ. ಅಡಿಕೆ ಕೊಯ್ಲು ಮುಗಿಸಿ ಅಪ್ಪಯ್ಯ ಕರ್ನಾಟಕ ಎಕ್ಸ್‌ಪ್ರೆಸ್ ಹತ್ತಿ ಬಂದರು. ಜೊತೆಗೆ ಒಂದು ಗೋಣಿಚೀಲ ತೆಂಗಿನಕಾಯಿ, ಅಪ್ಪೆಮಿಡಿ ಉಪ್ಪಿನಕಾಯಿಯ ಭರಣಿ. ಒಂದು ಭಾನುವಾರ ಕೆಂಪುಕೋಟೆಗೆ ಕರಕೊಂಡು ಹೋದೆ. ಲಾಹೋರಿ ದರವಾಜೆ, ದಿವಾನ್-ಇ-ಆಮ್, ರಂಗ್ ಮಹಲ್ ಎಲ್ಲವನ್ನೂ ಅವರು ಸುಮ್ಮನೆ ನೋಡಿದರು. ಹಯಾತ್ ಬಕ್ಷ್ ತೋಟಕ್ಕೆ ಬಂದಾಗ ಮಾತ್ರ ನಿಂತರು. ಪಂಚೆಯನ್ನು ಮಂಡಿಯ ಮೇಲಕ್ಕೆ ಎತ್ತಿ ಕಟ್ಟಿ, ಒಣಗಿದ ಕಾಲುವೆಯ ಪಕ್ಕ ಕುಕ್ಕರುಗಾಲಿನಲ್ಲಿ ಕೂತರು. ಕಲ್ಲಿನ ಮೇಲೆ ಕೈಯಾಡಿಸಿದರು. ಆಮೇಲೆ ಕೇಳಿದರು: 'ಇದಕ್ಕೆ ನೀರು ಎಲ್ಲಿಂದ ಬರ್ತಿತ್ತು?'

ಗೊತ್ತಿಲ್ಲ ಅಂದೆ.

'ಎಲ್ಲಿಗೆ ಹೋಗ್ತಿತ್ತು?'

ಅದೂ ಗೊತ್ತಿಲ್ಲ ಅಂದೆ. ಐದು ವರ್ಷದಿಂದ ಜನರಿಗೆ ತೋರಿಸುತ್ತಿದ್ದ ಜಾಗ. ಅಪ್ಪಯ್ಯ ಸುತ್ತಲೂ ಒಮ್ಮೆ ಕಣ್ಣು ಹಾಯಿಸಿ, 'ಇಷ್ಟು ಹುಲ್ಲು ಬೆಳೆಸಿದಾರೆ, ದನ ಒಂದೂ ಕಾಣ್ಸಲ್ವಲ್ಲ?' ಅಂದರು. ಪಕ್ಕದಲ್ಲಿದ್ದ ನನ್ನ ಸಹೋದ್ಯೋಗಿಯೊಬ್ಬರು ಇದರ ಹಿಂದಿ ಅನುವಾದ ಕೇಳಿದರು. ನಾನು ಮಾಡಿಕೊಡಲಿಲ್ಲ. ಎಂ.ಕಾಂ. ಮಾಡಿದ ಮಗನಿಗೆ ಹಳ್ಳಿಯ ಅಪ್ಪನಿಂದ ನಾಚಿಕೆಯಾದದ್ದು ಅದೊಂದೇ ಸಲವಲ್ಲ. ನೆನಪಿನಲ್ಲಿ ಉಳಿದದ್ದು ಮಾತ್ರ ಆ ಸಲದ್ದು.

ಅಪ್ಪಯ್ಯ ಕೇಳಿದ ಪ್ರಶ್ನೆಗೆ ಉತ್ತರ ಹುಡುಕಲು ಹೊರಟದ್ದು ಬಹಳ ತಡವಾಗಿ. ತಿಳಿದದ್ದನ್ನು ಸುಲಭವಾಗಿ ಹೇಳುತ್ತೇನೆ. ಶಹಜಹಾನ್ ತನ್ನ ಹೊಸ ರಾಜಧಾನಿಯ ಈ ಕೋಟೆಯನ್ನು 1648ರಲ್ಲಿ ಪೂರ್ತಿಮಾಡಿಸಿದ. ಆಗ ಯಮುನೆ ಕೋಟೆಯ ಪೂರ್ವದ ಗೋಡೆಗೆ ತಾಗಿಯೇ ಹರಿಯುತ್ತಿತ್ತು. ಈಗ ಅಲ್ಲಿ ರಿಂಗ್ ರಸ್ತೆಯ ಬಸ್ಸುಗಳು ಹರಿಯುತ್ತವೆ. ಆದರೆ ತೋಟಕ್ಕೆ ನೀರು ಬರುತ್ತಿದ್ದದ್ದು ಗೋಡೆಯ ಕೆಳಗಿನ ಆ ನದಿಯಿಂದ ಅಲ್ಲ. ಎಷ್ಟೋ ಮೈಲಿ ಮೇಲ್ಗಡೆ ಯಮುನೆಯಿಂದ ತೆಗೆದ ಕಾಲುವೆಯಿಂದ. ಫಿರೋಜ್ ಷಾ ತುಘಲಕನ ಕಾಲದ ಹಳೆಯ ಕಾಲುವೆಯೊಂದನ್ನು ದುರಸ್ತಿ ಮಾಡಿ, ಮುಂದಕ್ಕೆ ಬೆಳೆಸಿ ತಂದದ್ದು. ಆ ಕೆಲಸದ ಜೊತೆ ಅಲಿ ಮರ್ದಾನ್ ಖಾನ್ ಎಂಬ ಅಧಿಕಾರಿಯ ಹೆಸರು ಉಳಿದಿದೆ. ಅದರ ಒಂದು ಕವಲು ಚಾಂದನಿ ಚೌಕದ ನಡುಮಧ್ಯೆ ಹರಿಯುತ್ತಿತ್ತು. ಇನ್ನೊಂದು ಕೋಟೆಯ ಈಶಾನ್ಯ ಮೂಲೆಯ ಷಾ ಬುರ್ಜಿನಲ್ಲಿ ಒಳಗೆ ಬಂದು, ಅಮೃತಶಿಲೆಯ ಜಾರುಬಂಡೆಯಂಥ ಹಾಸಿನ ಮೇಲೆ ಇಳಿದು, 'ಸ್ವರ್ಗದ ಕಾಲುವೆ' ಎಂಬ ಅರ್ಥದ ನಹರ್-ಇ-ಬಿಹಿಶ್ತ್ ಆಗುತ್ತಿತ್ತು. ಹಮ್ಮಾಮು, ದಿವಾನ್-ಇ-ಖಾಸ್, ಖಾಸ್ ಮಹಲ್, ರಂಗ್ ಮಹಲ್‌ಗಳ ನೆಲದ ನಡುವೆಯೇ ಹಾದುಹೋಗುತ್ತಿತ್ತು. ಮೊದಲು ನೀರು ಬಂತು, ನೀರಿನ ಸಾಲು ಹಿಡಿದು ಅರಮನೆ ಬಂತು ಅಂದರೂ ತಪ್ಪಿಲ್ಲ.

ಹಯಾತ್ ಬಕ್ಷ್ ಅಂದರೆ ಜೀವ ಕೊಡುವ ತೋಟ. ನಾಲ್ಕು ಪಾಲಿನ ಚಾರ್‌ಬಾಗ್, ನಾಲ್ಕು ಕಾಲುವೆ, ನಡುವೆ ದೊಡ್ಡ ಕೊಳ. ಆ ಕಾಲದ ವರ್ಣನೆಯ ಪ್ರಕಾರ ಕೊಳದ ಮಧ್ಯೆ 49 ಬೆಳ್ಳಿಯ ಚಿಲುಮೆಗಳು, ಸುತ್ತಲೂ ಮತ್ತೆ 112. ತೋಟದ ಎರಡು ತುದಿಗಳಲ್ಲಿ ಅಮೃತಶಿಲೆಯ ಎರಡು ಮಂಟಪಗಳು, ಸಾವನ್ ಮತ್ತು ಭಾದೋಂ. ನಮ್ಮ ಶ್ರಾವಣ, ಭಾದ್ರಪದಗಳೇ ಅವು. ಮಂಟಪದಿಂದ ನೀರು ಪರದೆಯ ಹಾಗೆ ಕೆಳಗಿಳಿಯುತ್ತಿತ್ತು. ಪರದೆಯ ಹಿಂದೆ ಗೋಡೆಯಲ್ಲಿ ಸಾಲುಸಾಲು ಗೂಡುಗಳು. ಹಗಲು ಅವುಗಳಲ್ಲಿ ಹೂದಾನಿ, ರಾತ್ರಿ ದೀಪ. ಬೀಳುವ ನೀರಿನ ಹಿಂದೆ ದೀಪ ಉರಿಯುವುದನ್ನು ಒಮ್ಮೆ ಕಲ್ಪಿಸಿಕೊಳ್ಳಿ. ದಿಲ್ಲಿಯ ಮೇ ತಿಂಗಳ ಬೆಂಕಿಯಲ್ಲಿ ಕೂತು ಮಳೆಗಾಲವನ್ನು ಮನೆಯಲ್ಲೇ ಮಾಡಿಕೊಳ್ಳುವ ಏರ್ಪಾಡು ಅದು. ಇದನ್ನು ಅಪ್ಪಯ್ಯನಿಗೆ ಆವತ್ತೇ ಹೇಳಿದ್ದರೆ ನಕ್ಕುಬಿಡುತ್ತಿದ್ದರು. ಶ್ರಾವಣ, ಭಾದ್ರಪದದಲ್ಲಿ ನಮ್ಮ ಹೆಂಚಿನ ಮನೆಯ ಜಗಲಿಯಲ್ಲಿ ಕೂತರೆ ಖರ್ಚಿಲ್ಲದೆ ಅದೇ ದೃಶ್ಯ. ಗೂಡಿನಲ್ಲಿ ದೀಪವೂ ಇರುತ್ತಿತ್ತು, ಕರೆಂಟು ಹೋಗಿರುತ್ತಿತ್ತಲ್ಲ!

ಈಗ ಅಲ್ಲಿ ನೋಡಲು ಸಿಗುವುದೇನು? ನಾನು ಹೋದಾಗಲೆಲ್ಲ ಕಂಡದ್ದು ಒಣ ಕಾಲುವೆ, ಒಣ ಕೊಳ, ಖಾಲಿ ಗೂಡುಗಳು. ಕೊಳದ ನಡುವೆ ಒಂಟಿಯಾಗಿ ಕೆಂಪುಕಲ್ಲಿನ ಜಫರ್ ಮಹಲ್. ಕೊನೆಯ ಬಾದಷಹ ಬಹಾದುರ್ ಷಾ ಜಫರ್ ಸುಮಾರು 1842ರಲ್ಲಿ ಕಟ್ಟಿಸಿದ್ದು. ಕೊಳದ ಮಧ್ಯೆ ನೀರಿನಲ್ಲಿ ನಿಂತಿರಬೇಕಾದ ಕಟ್ಟಡ ನೆಲದ ಮೇಲೆ ನಿಂತಿದೆ. ಕಟ್ಟಿಸಿದವನು 1862ರಲ್ಲಿ ರಂಗೂನಿನಲ್ಲಿ ಸೆರೆಯಲ್ಲಿದ್ದಾಗ ಸತ್ತ. ಇನ್ನು ಉಳಿದದ್ದು ಹುಲ್ಲು. ಒತ್ತಾಗಿ ಕತ್ತರಿಸಿದ, ಎಲ್ಲ ಕಡೆ ಒಂದೇ ಎತ್ತರದ ಹುಲ್ಲು.

ಈ ಹುಲ್ಲು ಮೊಗಲರದಲ್ಲ ಅನ್ನುವುದೇ ನನ್ನ ವಿಮರ್ಶೆಯ ಮುಖ್ಯ ಅಂಶ. 1857ರ ನಂತರ ಬ್ರಿಟಿಷರು ಕೋಟೆಯೊಳಗಿನ ಬಹುಪಾಲು ಕಟ್ಟಡಗಳನ್ನು ಕೆಡವಿ ಸಿಪಾಯಿಗಳ ಬ್ಯಾರಕ್ ಕಟ್ಟಿದರು. ಹಯಾತ್ ಬಕ್ಷ್‌ನ ಪಶ್ಚಿಮಕ್ಕೆ ಮೆಹ್ತಾಬ್ ಬಾಗ್ ಎಂಬ ಬೆಳದಿಂಗಳ ತೋಟವಿತ್ತು. ಅದು ಪೂರ್ತಿ ಹೋಯಿತು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಲಾರ್ಡ್ ಕರ್ಜನ್ನನ ಆಸಕ್ತಿಯಿಂದ ರಿಪೇರಿ ನಡೆಯಿತು. ನ್ಯಾಯವಾಗಿ ಹೇಳಬೇಕೆಂದರೆ, ಹೂತುಹೋಗಿದ್ದ ಕೊಳ, ಕಾಲುವೆಗಳನ್ನು ಅಗೆದು ಬೆಳಕಿಗೆ ತಂದದ್ದು ಆಗಲೇ. ಅಷ್ಟು ಮಾಡಿದವರು ಉಳಿದ ಜಾಗಕ್ಕೆ ತಮ್ಮ ಊರಿನ ಲಾನ್ ಹಾಸಿದರು. ಅವರಿಗೆ ತೋಟ ಎಂದರೆ ಲಾನ್. ಮನೆಯಿಂದ ದೂರ ಬಂದವರು ತಾನೇ, ಕಣ್ಣಿಗೆ ತಮ್ಮ ಊರಿನದೇ ಹಸಿರು ಬೇಕಾಗಿತ್ತೇನೋ. ದಿಲ್ಲಿಯ ಬಾಲ್ಕನಿಯಲ್ಲಿ ಕುಂಡದಲ್ಲಿ ಕರಿಬೇವು, ಒಂದೆಲಗ ಬೆಳೆಸುವ ನಾನು ಅದನ್ನು ಬೈಯುವ ಹಾಗಿಲ್ಲ. ಆದರೆ ಅವರು ಹೋಗಿ ಮುಕ್ಕಾಲು ಶತಮಾನ ಕಳೆದ ಮೇಲೂ ನಾವು ಅದೇ ಲಾನನ್ನು ನೋಡಿ 'ಮೊಗಲರ ತೋಟ ಎಷ್ಟು ಹಸಿರು' ಅನ್ನುತ್ತೇವಲ್ಲ, ಅದು ನಮ್ಮ ತಪ್ಪು.

ಬಾಗ್ ಎಂಬುದನ್ನು ನಾವು 'ಉದ್ಯಾನವನ' ಅಂತ ಅನುವಾದಿಸುತ್ತೇವೆ. ಉದ್ಯಾನವನ ಅಂದಕೂಡಲೆ ನಮಗೆ ಮುನಿಸಿಪಾಲಿಟಿ ಪಾರ್ಕು, ಸಿಮೆಂಟಿನ ಬೆಂಚು, ಹುಲ್ಲಿನ ಮೇಲೆ ನಡೆಯಬೇಡಿ ಎಂಬ ಬೋರ್ಡು. ಬಾಗ್‌ಗೆ ಹತ್ತಿರದ ಕನ್ನಡ ಶಬ್ದ 'ತೋಟ'ವೇ ಸರಿ. ನಮ್ಮ ತೋಟದಲ್ಲಿ ಮರ ಇರುತ್ತದೆ, ನೆರಳು ಇರುತ್ತದೆ, ಹಣ್ಣು-ಕಾಯಿ ಇರುತ್ತದೆ, ನಡುನಡುವೆ ನೀರು ಸರಿಯುತ್ತಿರುತ್ತದೆ. ಮೊಗಲರ ಬಾಗ್ ಕೂಡ ಹಾಗೇ, ಹಣ್ಣಿನ ಮರ, ಹೂವು, ನೆರಳು, ಹರಿಯುವ ನೀರು. ನಡೆಯುವ ದಾರಿ ಎತ್ತರಕ್ಕೆ, ಗಿಡ ನೆಡುವ ಪಾತಿ ತಗ್ಗಿಗೆ.

ಇದಕ್ಕೆ ಸಾಕ್ಷಿ ಬೇಕಾದರೆ ನಮ್ಮ ಬೆಂಗಳೂರಿನಲ್ಲೇ ಇದೆ. ಹೈದರಾಲಿ 1760ರಲ್ಲಿ ಆರಂಭಿಸಿ ಟಿಪ್ಪು ಬೆಳೆಸಿದ ಲಾಲ್‌ಬಾಗನ್ನು 1800ರಲ್ಲಿ ಫ್ರಾನ್ಸಿಸ್ ಬುಕಾನನ್ ನೋಡಿ ಬರೆದಿಟ್ಟಿದ್ದಾನೆ. ಚೌಕಚೌಕ ಪಾತಿಗಳು, ನಡುವಿನ ದಾರಿಗಳ ಅಂಚಿಗೆ ಸೈಪ್ರೆಸ್ ಮರಗಳು, ಪಾತಿಗಳ ತುಂಬ ಹಣ್ಣಿನ ಮರ ಮತ್ತು ಕಾಯಿಪಲ್ಲೆ. ಒಂದೊಂದು ಬಗೆಯ ಗಿಡಕ್ಕೆ ಒಂದೊಂದು ಪಾತಿ. ಹುಲ್ಲಿನ ಸುದ್ದಿ ಇಲ್ಲ. ಗಾಜಿನಮನೆ, ಫಲಪುಷ್ಪ ಪ್ರದರ್ಶನ ಎಲ್ಲ ಆಮೇಲೆ ಬಂದದ್ದು. ಅರಸನ ತೋಟ ಎಂದರೆ ಬರೀ ನೋಡುವುದಕ್ಕೆ ಅನ್ನುವ ಕಲ್ಪನೆ ನಮ್ಮಲ್ಲಿ ಅಷ್ಟು ಹಳೆಯದಲ್ಲ.

ಇನ್ನು ದಿಲ್ಲಿಯ ಎರಡನೆಯ ಅರಮನೆ ತೋಟಕ್ಕೆ ಬರೋಣ. ರಾಷ್ಟ್ರಪತಿ ಭವನದ ಹಿಂದಿನದು. ಆ ಭವನ ವೈಸರಾಯ್‌ಗಾಗಿ ಕಟ್ಟಿದ ಅರಮನೆ. ತೋಟದ ನಕ್ಷೆ ಲುಟ್ಯೆನ್ಸ್‌ನದು. 1928-29ರ ಹೊತ್ತಿಗೆ ಗಿಡ ನೆಟ್ಟವನು ವಿಲಿಯಂ ಮಸ್ಟೋ. ಸುಮಾರು 15 ಎಕರೆ. ಮೊಗಲ್ ಗಾರ್ಡನ್ಸ್ ಎಂದು ನಾವೆಲ್ಲ ಕರೆಯುತ್ತಿದ್ದ ಇದಕ್ಕೆ 2023ರ ಜನವರಿಯಲ್ಲಿ ಅಮೃತ ಉದ್ಯಾನ ಎಂದು ಹೆಸರಾಯಿತು. ಹೆಸರಿನ ಬಗ್ಗೆ ಆಗ ನಮ್ಮ ಕಟ್ಟೆಯಲ್ಲಿ ಬಿಸಿಬಿಸಿ ಚರ್ಚೆ ನಡೆಯಿತು. ನನ್ನ ಅಭಿಪ್ರಾಯ ಕೇಳಿದರು. ಹೆಸರು ಯಾವುದಾದರೂ ಇರಲಿ, ಆ ತೋಟ ಮೊದಲಿನಿಂದಲೂ ಅರ್ಧ ಮೊಗಲರದು, ಅರ್ಧ ಇಂಗ್ಲಿಷರದು ಅಂದೆ. ಎರಡೂ ಪಂಗಡದವರಿಗೆ ಅಸಮಾಧಾನವಾಯಿತು.

ಹಾಗೆ ಹೇಳಲು ಕಾರಣ ಇದೆ. ಮೊಗಲರಿಂದ ಲುಟ್ಯೆನ್ಸ್ ತೆಗೆದುಕೊಂಡದ್ದು ನೀರು. ಉತ್ತರ-ದಕ್ಷಿಣ ಎರಡು, ಪೂರ್ವ-ಪಶ್ಚಿಮ ಎರಡು ಕಾಲುವೆ. ಅವು ಸೇರುವಲ್ಲಿ ತಾವರೆ ಎಲೆಗಳನ್ನು ಒಂದರ ಮೇಲೊಂದು ಇಟ್ಟಂಥ ಕೆಂಪುಕಲ್ಲಿನ ಕಾರಂಜಿ. ಇಲ್ಲಿ ನೀರು ನಿಜವಾಗಿ ಚಿಮ್ಮುತ್ತದೆ, ಹರಿಯುತ್ತದೆ. ಈ ಒಂದು ಕಾರಣಕ್ಕೆ ಕೆಂಪುಕೋಟೆಗಿಂತ ಇದಕ್ಕೆ ಹತ್ತು ಅಂಕ ಹೆಚ್ಚು ಕೊಡುತ್ತೇನೆ. ಇಂಗ್ಲಿಷರಿಂದ ಬಂದದ್ದು ಹುಲ್ಲು ಮತ್ತು ಋತುವಿನ ಹೂವು. ಟುಲಿಪ್, ಡೇಲಿಯಾ, ಗುಲಾಬಿ. ಸೊಗಸು, ಇಲ್ಲ ಅನ್ನುವುದಿಲ್ಲ. ಆದರೆ ವರ್ಷದ ಕೆಲವು ವಾರ ಮಾತ್ರ ಜನರಿಗೆ ಬಾಗಿಲು ತೆರೆಯುವ ತೋಟ ಆ ಕೆಲವು ವಾರಕ್ಕಾಗಿಯೇ ಸಿಂಗರಿಸಿಕೊಳ್ಳುತ್ತದೆ. ಮಾರ್ಚ್ 31ರ ಬ್ಯಾಲೆನ್ಸ್ ಶೀಟು ಹೇಗಿರುತ್ತದೆ ಅಂತ ಬ್ಯಾಂಕಿನವನಿಗೆ ಗೊತ್ತು. ಅವತ್ತು ಠೇವಣಿ ಉಕ್ಕುತ್ತದೆ, ಏಪ್ರಿಲ್ ಮೊದಲ ವಾರ ಇಳಿಯುತ್ತದೆ. ಇದಕ್ಕೆ ವಿಂಡೋ ಡ್ರೆಸ್ಸಿಂಗ್ ಅಂತ ಹೆಸರು. ತೋಟವನ್ನು ಅಳೆಯಬೇಕಾದರೆ ಮೇ ತಿಂಗಳಲ್ಲಿ ಅಳೆಯಬೇಕು.

ಸಾಲಿನಲ್ಲಿ ಹೋಗಬೇಕು, ಸಾಲಿನಲ್ಲಿ ಬರಬೇಕು. ನಿಂತರೆ ಹಿಂದಿನವರು ತಳ್ಳುತ್ತಾರೆ, ಕೂರುವ ಮಾತೇ ಇಲ್ಲ. ಭದ್ರತೆಯ ಜಾಗ, ಅವರನ್ನು ದೂರಲಾರೆ. ಆದರೆ ಕೂರಲಾಗದ ತೋಟ ಓದಲಾಗದ ಪುಸ್ತಕದ ಹಾಗೆ, ರಟ್ಟು ಮಾತ್ರ ನೋಡಿ ಬರಬೇಕು. ಈ ತೋಟದ ಚರಿತ್ರೆಯಲ್ಲಿ ನನಗೆ ಇಷ್ಟವಾದ ಘಟನೆ ಒಂದೇ. ಗವರ್ನರ್ ಜನರಲ್ ಆಗಿದ್ದ ರಾಜಾಜಿಯವರು ಆಹಾರದ ಅಭಾವದ ಕಾಲದಲ್ಲಿ ಭವನದ ನೆಲವನ್ನು ಉತ್ತು ಒಂದಷ್ಟು ಜಾಗದಲ್ಲಿ ಗೋಧಿ ಬೆಳೆಸಿದರು. ಅಪ್ಪಯ್ಯ ಕೇಳಿದ್ದರೆ 'ಅದು ಸರಿ' ಅನ್ನುತ್ತಿದ್ದರು.

ಮೂರನೆಯದು ಅರಮನೆಯ ತೋಟವಲ್ಲ, ಸಮಾಧಿಯ ತೋಟ. ಹುಮಾಯೂನನದು. ಆದರೂ ಇಲ್ಲಿ ಹೇಳಲೇಬೇಕು. ಯಾಕೆಂದರೆ ಅರಮನೆಯಲ್ಲಿ ಆಗದ ಕೆಲಸ ಇಲ್ಲಿ ಆಯಿತು. ಮೊದಮೊದಲು ನಾನು ನೆಂಟರನ್ನು ಕರಕೊಂಡು ಹೋಗುತ್ತಿದ್ದಾಗ ಇಲ್ಲಿಯೂ ಒಣ ಕಾಲುವೆಗಳೇ. 2003ರ ಹೊತ್ತಿಗೆ ಆಗಾ ಖಾನ್ ಟ್ರಸ್ಟಿನ ನೆರವಿನಿಂದ ತೋಟದ ಜೀರ್ಣೋದ್ಧಾರ ಮುಗಿದು ನೀರು ಬಂತು. ಹಳೆಯ ಬಾವಿಗಳನ್ನು ಶುಚಿಮಾಡಿದರು, ಮಳೆನೀರು ಇಂಗಿಸಲು 128 ಗುಂಡಿ ತೋಡಿದರು, ಕಾಲುವೆಯ ಕಲ್ಲುಗಳನ್ನು ಎತ್ತಿ ಮಟ್ಟಮಾಡಿ ಮತ್ತೆ ಕೂರಿಸಿದರು. ಮಟ್ಟ ಎಷ್ಟು ಗೊತ್ತೇ? 40 ಮೀಟರಿಗೆ 1 ಸೆಂಟಿಮೀಟರ್ ಇಳಿಜಾರು. ಓದಿದ ದಿನ ನಾನು ಆ ಸಾಲನ್ನು ಎರಡು ಸಲ ಓದಿದೆ. ಅಷ್ಟೇ ಇಳಿಜಾರಿನಲ್ಲಿ ನೀರು ಓಡದೆ, ನಿಲ್ಲದೆ, ಸರಿಯುತ್ತದೆ.

ಮಟ್ಟದ ವಿಷಯ ನನಗೆ ಹೊಸದಲ್ಲ. ನಮ್ಮ ಕಡೆ ಅಡಿಕೆ ತೋಟದಲ್ಲಿ ಎರಡು ಸಾಲು ಮರಕ್ಕೊಂದು ಕಾದಿಗೆ ಇರುತ್ತದೆ. ಕಾದಿಗೆ ಅಂದರೆ ಬಸಿಗಾಲುವೆ. ಮಳೆಗಾಲದ ನೀರು ಬುಡದಲ್ಲಿ ನಿಂತರೆ ಅಡಿಕೆ ಮರ ಉಳಿಯುವುದಿಲ್ಲ. ಕಾದಿಗೆಯ ನೀರು ದೊಡ್ಡ ಕಾಲುವೆಗೆ, ಅಲ್ಲಿಂದ ಪಕ್ಕದ ತೋಟದ ಕಾಲುವೆಗೆ, ಅಲ್ಲಿಂದ ಹಳ್ಳಕ್ಕೆ. ಯಾರದೇ ತೋಟಕ್ಕೆ ಹೋದರೂ ಅಪ್ಪಯ್ಯ ಮರದ ತುದಿಯ ಗೊನೆ ನೋಡುತ್ತಿರಲಿಲ್ಲ, ಬಗ್ಗಿ ಕಾದಿಗೆ ನೋಡುತ್ತಿದ್ದರು. ಕೆಂಪುಕೋಟೆಯಲ್ಲೂ ಅವರು ಮಾಡಿದ್ದು ಅದನ್ನೇ. ಒಬ್ಬ ತೋಟಗಾರ ಇನ್ನೊಬ್ಬ ತೋಟಗಾರನ ಕೆಲಸವನ್ನು ತಪಾಸಣೆ ಮಾಡುತ್ತಿದ್ದ. ನಡುವೆ 340 ವರ್ಷದ ಅಂತರ ಇತ್ತು, ಅಷ್ಟೇ.

ಈಗ ನನ್ನ ಖಾತೆಯ ವಿಷಯ. ಬೇರೆಯವರ ತೋಟಕ್ಕೆ ಅಂಕ ಕೊಟ್ಟವನು ತನ್ನದನ್ನೂ ಹೇಳಬೇಕು.

ಅಪ್ಪಯ್ಯ 2004ರಲ್ಲಿ ತೀರಿಕೊಂಡರು. ತೋಟ ಪಾಲಾಯಿತು. ಮೇಲಿನ ಒಂದೂವರೆ ಎಕರೆ ನನಗೆ, ಕೆಳಗಿನದು ತಮ್ಮನಿಗೆ. 2009ರಲ್ಲಿ ದಿಲ್ಲಿಯಲ್ಲಿ ಫ್ಲ್ಯಾಟು ಕೊಳ್ಳಲು ದುಡ್ಡು ಸಾಲದೆ ನನ್ನ ಪಾಲನ್ನು ಮಾರಿದೆ. ತಮ್ಮ ತಾನೇ ಕೊಳ್ಳುತ್ತೇನೆ, ಎರಡು ವರ್ಷ ಟೈಮು ಕೊಡು ಅಂದ. ನಾನು ಬಡ್ಡಿ ಲೆಕ್ಕ ಹಾಕಿ, ಆಗುವುದಿಲ್ಲ ಅಂದೆ. ಬ್ಯಾಂಕಿನವನ ಲೆಕ್ಕ, ತಪ್ಪಿರಲಿಲ್ಲ. ಪೇಟೆಯ ಯಾರೋ ಕೊಂಡರು.

2016ರ ಮೇನಲ್ಲಿ ಮದುವೆಯೊಂದಕ್ಕೆ ಊರಿಗೆ ಹೋದಾಗ ನೋಡಿದೆ. ಅಡಿಕೆ ಮರ ತೆಗೆದು ಹೋಂಸ್ಟೇ ಕಟ್ಟಿದ್ದರು. ಸುತ್ತ ಲಾನ್. ಅದೇ ಒತ್ತಾಗಿ ಕತ್ತರಿಸಿದ ಹುಲ್ಲು, ಅದರ ಮೇಲೆ ತಿರುಗುವ ಸ್ಪ್ರಿಂಕ್ಲರ್. ಲಾನ್ ಸಮತಟ್ಟಾಗಲಿ ಅಂತ ಕಾದಿಗೆಗಳನ್ನೆಲ್ಲ ಮಣ್ಣು ತುಂಬಿ ಮುಚ್ಚಿದ್ದರು. ನನ್ನ ಹೆಂಡತಿ ಪಾಪ, 'ಚೆನ್ನಾಗಿಟ್ಟಿದಾರೆ' ಅಂದಳು. ನಾನು ಕೆಳಗೆ ತಮ್ಮನ ತೋಟಕ್ಕೆ ಇಳಿದೆ. ಮೇಲಿನ ಕಾಲುವೆಗಳು ಮುಚ್ಚಿದ್ದರಿಂದ ಮಳೆಗಾಲದಲ್ಲಿ ಅಲ್ಲಿನ ನೀರೆಲ್ಲ ದಾರಿ ತಪ್ಪಿ ಅವನ ತೋಟಕ್ಕೆ ನುಗ್ಗಿ ನಿಲ್ಲುತ್ತಿತ್ತು. ಅಂಚಿನ ಎರಡು ಸಾಲು ಮರ ಬುಡ ಕೊಳೆತು ಹೋಗಿದ್ದವು. ತಮ್ಮ ಒಂದು ಮಾತೂ ಆಡಲಿಲ್ಲ. ಹೊಸ ಕಾದಿಗೆ ತೋಡಿಸುತ್ತಿದ್ದ. ಎಷ್ಟು ಖರ್ಚಾಯಿತು ಅಂತ ಕೇಳಿದೆ. 'ಆಯ್ತು ಒಂದಿಷ್ಟು' ಅಂದ.

'ಎಲ್ಲಿಗೆ ಹೋಗ್ತಿತ್ತು?' ಎಂಬ ಅಪ್ಪಯ್ಯನ ಎರಡನೆಯ ಪ್ರಶ್ನೆ ನನಗೆ ಅರ್ಥವಾದದ್ದು ಅಲ್ಲಿ, ಆ ಕೊಳೆತ ಬುಡಗಳ ಪಕ್ಕ ನಿಂತಾಗ. ನೀರು ಎಲ್ಲಿಂದ ಬರುತ್ತದೆ ಅನ್ನುವುದು ಮಾಲೀಕನ ಪ್ರಶ್ನೆ. ಎಲ್ಲಿಗೆ ಹೋಗುತ್ತದೆ ಅನ್ನುವುದು ಕೆಳಗಿನವನ ಬಗ್ಗೆ ಕಾಳಜಿ ಇದ್ದವನ ಪ್ರಶ್ನೆ. ಕರ್ಜನ್ನನ ಲಾನ್ ಬಗ್ಗೆ ಇಷ್ಟು ಬರೆದ ನಾನು, ನಮ್ಮ ತೋಟದ ಲಾನಿನ ಕ್ರಯಪತ್ರಕ್ಕೆ ಸಹಿ ಹಾಕಿದವನು.

ಹಾಗಾದರೆ ಕೆಂಪುಕೋಟೆಯ 161 ಚಿಲುಮೆಗಳನ್ನೂ ಮತ್ತೆ ಹಾರಿಸಬೇಕು ಅಂತ ನಾನು ಹೇಳುತ್ತೇನೆಯೇ? ಇಲ್ಲ. ಮೇ ತಿಂಗಳಲ್ಲಿ ನಮ್ಮ ಸೊಸೈಟಿಗೆ ಟ್ಯಾಂಕರ್ ಬರುತ್ತದೆ, ಬಕೆಟ್ ಹಿಡಿದು ಕಾಯುವ ಬಡಾವಣೆಗಳು ಈ ಊರಲ್ಲಿ ಬೇಕಾದಷ್ಟಿವೆ. ಕೃಷ್ಣರಾಜಸಾಗರದ ಬೃಂದಾವನಕ್ಕೆ ಆ ಚಿಂತೆ ಇಲ್ಲ. ಕಾಶ್ಮೀರದ ಶಾಲಿಮಾರ್ ಮಾದರಿಯನ್ನು ಸರ್ ಮಿರ್ಜಾ ಇಸ್ಮಾಯಿಲ್ ಅಣೆಕಟ್ಟೆಯ ಕೆಳಗೆ ತಂದಿಟ್ಟರು. ನೂರಡಿಗೂ ಮಿಕ್ಕಿದ ಎತ್ತರದ ಕಟ್ಟೆಯ ಹಿಂದೆ ನೀರು ನಿಂತಿರುವಾಗ ಮೆಟ್ಟಿಲು ಮೆಟ್ಟಿಲಾಗಿ ಇಳಿಸುವುದು ಕಷ್ಟವಲ್ಲ. ಅಲ್ಲಿ ಸಂಜೆ ದೀಪ ನೋಡಿ ಬರುವ ನಮ್ಮವರು ಈ ದೀಪ-ನೀರಿನ ಆಟದ ಅಜ್ಜನಮನೆ ಎಲ್ಲಿ ಅಂತ ತಿಳಿಯಬೇಕಾದರೆ ಸಾವನ್-ಭಾದೋಂ ಗೂಡುಗಳ ಮುಂದೆ ನಿಲ್ಲಬೇಕು. ದಿಲ್ಲಿಯ ಕೋಟೆಗೆ ಅಂಥ ಕಟ್ಟೆ ಇಲ್ಲ. ಆದರೆ ಲಾನ್ ಕೂಡ ನೀರು ಕುಡಿಯುತ್ತದೆ, ಹೂವಿಲ್ಲ ಹಣ್ಣಿಲ್ಲ ನೆರಳಿಲ್ಲ. ಅದರಲ್ಲಿ ಅರ್ಧ ತೆಗೆದು ದಾಳಿಂಬೆ, ನಿಂಬೆ, ಕಿತ್ತಳೆ ನೆಡಬಹುದು. ಹುಮಾಯೂನನ ತೋಟದ ಹಾಗೆ ಮಳೆನೀರು ಇಂಗಿಸಿ, ಒಂದೇ ಒಂದು ಕಾಲುವೆಯಲ್ಲಿ, ದಿನಕ್ಕೆ ಒಂದು ಗಂಟೆ, ತಿರುಗಿಸಿದ ನೀರನ್ನೇ ಮತ್ತೆ ತಿರುಗಿಸಬಹುದು. ಭಾದೋಂನ ಗೂಡುಗಳಲ್ಲಿ ನಾಲ್ಕು ದೀಪ ಇಟ್ಟರೂ ಸಾಕು, ಜನಕ್ಕೆ ಅರ್ಥವಾಗುತ್ತದೆ. ಅದೂ ಆಗದಿದ್ದರೆ ಕಾಲುವೆಯ ಪಕ್ಕ ಒಂದು ಬೋರ್ಡು: ನೀರು ಇಲ್ಲಿಂದ ಬರುತ್ತಿತ್ತು, ಇಲ್ಲಿಗೆ ಹೋಗುತ್ತಿತ್ತು ಅಂತ.

ಊರಿನಿಂದ ಬರುವ ನಿಮಗೂ ಒಂದು ಮಾತು. ಕೆಂಪುಕೋಟೆಗೆ ಸೋಮವಾರ ಬರಬೇಡಿ, ರಜ. ಬೆಳಗ್ಗೆ ಬೇಗ ಬನ್ನಿ. ದಿವಾನ್-ಇ-ಆಮ್ ದಾಟಿದ ಮೇಲೆ ಎಲ್ಲರೂ ಹೋಗುವ ಬಲಗಡೆಗೆ ಹೋಗದೆ ನೇರ ಈಶಾನ್ಯ ಮೂಲೆಯ ಷಾ ಬುರ್ಜಿನ ಕಡೆಗೆ ನಡೆಯಿರಿ. ಅಲ್ಲಿಂದ ನೀರು ನಡೆದ ದಾರಿಯಲ್ಲೇ ನೀವೂ ನಡೆಯಿರಿ. ತೋಟ ಮೊದಲು, ಅರಮನೆ ಆಮೇಲೆ. ಕಾಲು ಸೋಲುವ ಮೊದಲು ತೋಟ ಮುಗಿದಿರುತ್ತದೆ. ಚಕ್ಕುಲಿ ರಂಗ್ ಮಹಲ್‌ನ ಹೊರಗೆ ತಿಂದರಾಯಿತು.

ಕಳೆದ ಚಳಿಗಾಲದಲ್ಲಿ ತಮ್ಮ ಬಂದಿದ್ದ, ಮೊದಲ ಸಲ. ಕೆಂಪುಕೋಟೆ ತೋರಿಸಿ, ಮಾರನೆಯ ದಿನ ಹುಮಾಯೂನನ ತೋಟಕ್ಕೆ ಕರಕೊಂಡು ಹೋದೆ. ಮಟ್ಟದ ಲೆಕ್ಕ ಹೇಳಿದೆ. ಅವನು ನಂಬಲಿಲ್ಲ. ಕಾಲುವೆಯ ಪಕ್ಕ ಕುಕ್ಕರುಗಾಲಿನಲ್ಲಿ ಕೂತ, ಥೇಟ್ ಅಪ್ಪಯ್ಯನ ಹಾಗೆ. ಒಂದು ಒಣ ಬೇವಿನ ಎಲೆ ಆರಿಸಿ ನೀರಿಗೆ ಬಿಟ್ಟ. ಎಲೆ ಮೊದಲು ನಿಂತೇ ಇತ್ತು. ಆಮೇಲೆ ನಿಧಾನಕ್ಕೆ ಸರಿಯತೊಡಗಿತು. ನಾವಿಬ್ಬರೂ ಅದರ ಜೊತೆಗೇ ನಡೆದೆವು. ಹಿಂದಿನಿಂದ ಅವನ ಹೆಂಡತಿ, ನನ್ನ ಹೆಂಡತಿ ಕೂಗುತ್ತಿದ್ದರು, ಸರೋಜಿನಿ ನಗರದ ಮಾರ್ಕೆಟ್ಟಿಗೆ ತಡವಾಗ್ತದೆ ಅಂತ.